ಅಪ್ಪನ ಕಿಸೆಯ ಮೂರು ಫ್ಯೂಸು

ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ಅವರ ಮಾತು ಬಂದಾಗ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ, ಅದೆಲ್ಲ ನಿಜವೇ. ನಾನು ಮಲ್ಲಸಮುದ್ರದ ಹೊಲದ ಒಂದು ಮುಂಜಾನೆಯನ್ನು ಕಂಡಷ್ಟು ಮಾತ್ರ ಬರೆದಿಡುತ್ತೇನೆ.

ಅಪ್ಪ ಮತ್ತು ಅವರ ತಮ್ಮ, ನನ್ನ ಕಾಕಾ, ಬೆಟಗೇರಿಯಲ್ಲಿ ಒಂದೇ ಮನೆಯಲ್ಲಿದ್ದು ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಿದ್ದರು. ಶಿರಹಟ್ಟಿ, ಮುಂಡರಗಿ ಕಡೆಯಿಂದಲೂ ಕರೆ ಬರುತ್ತಿತ್ತು. ಇಬ್ಬರ ನಡುವೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕಾಕಾ ವಾಯರ್ ಮುಟ್ಟುವ ಮೊದಲು ಅಪ್ಪ ಬೋರ್ಡಿನ ಮೂರೂ ಫ್ಯೂಸು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳಬೇಕು. ಕೆಲಸ ಮುಗಿಸಿ ಕಾಕಾ ಎದುರಿಗೆ ಬಂದು ನಿಂತು "ಆತು ಅಣ್ಣಾ" ಅನ್ನುವವರೆಗೆ ಅವು ಹೊರಬರಬಾರದು. ದೂರದಿಂದ ಕೂಗಿದರೆ ಲೆಕ್ಕಕ್ಕಿಲ್ಲ.

ಆ ಮುಂಜಾನೆಗೆ ಎರಡು ತಿಂಗಳು ಮೊದಲು ಹುಬ್ಬಳ್ಳಿಯ ಡಾಕ್ಟರು ಅಪ್ಪನಿಗೆ ಮರೆವಿನ ಕಾಯಿಲೆ, ಅಲ್ಝೈಮರ್, ಬಂದಿದೆ ಎಂದಿದ್ದರು. ಆಗ ಅವರಿಗೆ ಐವತ್ತಮೂರು. "ತಮ್ಮಗ ಹೇಳಬ್ಯಾಡ್ರಿ. ನಾಳಿಂದ ಕೆಲಸಕ್ಕ ಕರಿಯೂದಿಲ್ಲ ಅಂವ," ಎಂದು ಅವ್ವನಿಂದಲೂ ನನ್ನಿಂದಲೂ ಮಾತು ತೆಗೆದುಕೊಂಡಿದ್ದರು. ಅವ್ವನಿಗೆ ಜೀವ ತಡೆಯದೆ, ನನ್ನ ಶಾಲೆಗೆ ರಜೆಯಿದ್ದ ದಿನ ನನ್ನನ್ನು ಅವರ ಜೊತೆ ಕಳಿಸಿದಳು.

ಮಲ್ಲಸಮುದ್ರದ ಹೊಲದಲ್ಲಿ ಅಪ್ಪ ಪಂಪಿನ ಕೋಣೆಯೊಳಗೆ ಕುಳಿತಿದ್ದರು, ನಾನು ಹೊಸ್ತಿಲ ಮೇಲೆ. ಮೂವತ್ತು ಹೆಜ್ಜೆ ಆಚೆ ಕಾಕಾ ಬೋರಿನ ಬಾಯಿಯ ಹತ್ತಿರ ಸುಲಿದ ವಾಯರುಗಳನ್ನು ಬರಿಗೈಯಲ್ಲಿ ಹೆಣೆಯುತ್ತಿದ್ದರು.

"ಅಣ್ಣಾ, ನಿದ್ದಿ ಹತ್ತೇತೇನ? ಗೊರಕಿ ಇಲ್ಲಿತನಾ ಕೇಳ್ತೈತಿ," ಎಂದು ಕೂಗಿದರು.

"ನಿನ್ನ ಕೆಲಸ ನೋಡಲೇ," ಅಪ್ಪ ನಕ್ಕರು.

ಸ್ವಲ್ಪ ಹೊತ್ತಿಗೆ ಅಪ್ಪ ಕಿಸೆ ಮುಟ್ಟಿಕೊಂಡರು. ಫ್ಯೂಸುಗಳನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ಬೋರ್ಡಿನ ಖಾಲಿ ಜಾಗಗಳನ್ನು ನೋಡಿದರು. ಯಾರೋ ಅರ್ಧಕ್ಕೆ ಬಿಟ್ಟ ಕೆಲಸ ಕಂಡವರಂತೆ ಎದ್ದು ಒಂದನ್ನು ಹಾಕಿದರು. ಒರೆಸಿ ಎರಡನೆಯದನ್ನೂ ಹಾಕಿದರು. ಅಲ್ಲಿಯವರೆಗೂ ನಾನು ಎದ್ದಿರಲಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ಮೂರನೆಯದೂ ಕೂತಿತು. ಬೆರಳು ವಾಯರಿಗೆ ಕರೆಂಟ್ ಹರಿಸುವ ಸ್ಟಾರ್ಟರಿನ ಹಸಿರು ಗುಂಡಿಯ ಕಡೆ ಹೋಯಿತು. ಓಡಿಹೋಗಿ ಮಣಿಕಟ್ಟು ಹಿಡಿದೆ.

"ಅಪ್ಪಾ, ಕಾಕಾ ಇನ್ನ ಬಂದಿಲ್ಲ."

"ಯಾವ ಕಾಕಾ?" ದನಿ ಮೆತ್ತಗಿತ್ತು. "ಕರೆಂಟ್ ಹೋಗೂದ್ರಾಗ ನೀರ ಬಿಡಬೇಕವಾ. ಕೈ ಬಿಡು."

ಅವರ ಕೈಯಲ್ಲಿ ನನಗಿಂತ ಬಲವಿತ್ತು. ಗುಂಡಿಗೆ ನಾಲ್ಕು ಬೆರಳಿನಷ್ಟಿದ್ದ ದೂರ ಎರಡು ಬೆರಳಾಯಿತು. ಕೂಗಲು ಹೆದರಿದೆ, ಬೆಚ್ಚಿ ಒತ್ತಿಬಿಟ್ಟರೆ ಎಂದು. ಎಡಗೈಯಿಂದ ಒಂದು ಫ್ಯೂಸು ಕಿತ್ತೆ, ಇನ್ನೊಂದು ಕಿತ್ತೆ, ಮೂರನೆಯದನ್ನೂ ಕಿತ್ತೆ. ಅದನ್ನು ನೋಡುತ್ತಿದ್ದ ಅಪ್ಪ ತಾವಾಗಿಯೇ ಕೈ ಸಡಿಲಿಸಿದರು.

ಆಮೇಲೆ ಕಾಕಾನನ್ನು ಕರೆದೆ. ಅಪ್ಪನ ಎದುರಿಗೇ, ಡಾಕ್ಟರು ಹೇಳಿದ್ದನ್ನೂ ಈಗ ಆದದ್ದನ್ನೂ ಹೇಳಿದೆ.

ಕಾಕಾ ನನ್ನ ಅಂಗೈಯಲ್ಲಿದ್ದ ಫ್ಯೂಸುಗಳನ್ನೇ ನೋಡುತ್ತ ನಿಂತರು. "ಎರಡ ತಿಂಗಳ ಅಣ್ಣನ ಭರೋಸಾದ ಮ್ಯಾಲೆ ವಾಯರ್ ಮುಟ್ಟೇನಿ. ನೀವು ಬಾಯಿ ಮುಚ್ಕೊಂಡ ಕುಂತಿದ್ರೇನ?"



"ಅಕಿಗೆ ಬೈಬ್ಯಾಡ. ನಾನ ಹೇಳಬ್ಯಾಡ ಅಂದಿದ್ದೆ," ಎಂದರು ಅಪ್ಪ.

"ನಾ ಹೊರಗ ಅದೇನಿ ಅಂತ ನಿನಗ ಗೊತ್ತಿತ್ತೇನ ಅಣ್ಣಾ?"

ಅಪ್ಪ ಬಾಗಿಲಿನಾಚೆ ನೋಡಿದರು. "ಇಲ್ಲೋ," ಎಂದರು. "ಗೊತ್ತಿರಲಿಲ್ಲ."

ಕಾಕಾ ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. "ನಾಳಿಂದ ನೀ ಬೋರ್ಡ್ ಮುಟ್ಟಬ್ಯಾಡ. ನನ್ನ ಹಂತ್ಯಾಕ ಬಂದ ಕುಂಡ್ರು."

"ಅಲ್ಲಿ ಕುಂತ ಏನ ಮಾಡ್ಲಿ?"

"ಏನೂ ಮಾಡಬ್ಯಾಡ. ನನಗ ಕಾಣುವಂಗ ಇರು."

ಅಪ್ಪ ತಲೆಯಾಡಿಸಿದರು. ಆ ದಿನ ವಾಯರುಗಳ ಜೋಡಣೆ ಮುಗಿಯಲಿಲ್ಲ. ಕಾಕಾ ಮೂರೂ ಫ್ಯೂಸುಗಳನ್ನು ನನ್ನಿಂದ ತೆಗೆದುಕೊಂಡು ತಮ್ಮ ಕಿಸೆಗೆ ಹಾಕಿಕೊಂಡರು, ಅಪ್ಪನ ಪಕ್ಕದಿಂದ ಏಳಲೇ ಇಲ್ಲ.