ತರಗತಿಯೊಳಗೆ ಮೆಣಸಿನಕಾಯಿ ಚೀಲ

ಅಥವಾ ಚೀಲವನ್ನು ತರಗತಿಯೊಳಗೆ ತರಿಸುವ ಯೋಚನೆ ಸಾಹುಕಾರರದೇ ಇದ್ದಿರಬಹುದು. ಇಷ್ಟು ವರ್ಷ ನಾನು ಹಾಗೆಯೇ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಆ ಮಾತಿಗೆ ನುಣುಪು ಬಂದಿದೆ. ಅದಕ್ಕೇ ಅದರ ಮೇಲೆ ಅನುಮಾನ. ತರಿಸಿದವಳು ನಾನೇ ಎಂದು ಇಟ್ಟುಕೊಂಡು ಬರೆಯುತ್ತೇನೆ.

ದೊಡ್ಡ ಲಡಾಯಿಯ, ಎರಡನೇ ಮಹಾಯುದ್ಧದ ವರ್ಷಗಳು. ಹಾವೇರಿಯಿಂದ ಬ್ಯಾಡಗಿಗೆ ಬಂದು ನಾನು ಶಿಶುವಿಹಾರ ನಡೆಸುತ್ತಿದ್ದೆ. ಇಪ್ಪತ್ತು ವರ್ಷದ ನಾನು, ಹದಿನಾಲ್ಕು ಮಕ್ಕಳು, ಸಾಹುಕಾರರೊಬ್ಬರ ಮೆಣಸಿನಕಾಯಿ ವಖಾರಿಯ ಮುಂದಿನ ಕೋಣೆ. ಸುಗ್ಗಿ ಬಂದದ್ದೇ ಅವರಿಗೆ ಆ ಕೋಣೆ ಬೇಕಾಯಿತು.

"ಆಡಾಕ ಓಣಿ ಐತೆಲ್ರೀ ಅಕ್ಕಾರ. ಹಡದವ್ರಿಗೇ ಬ್ಯಾಡಾದ ಸಾಲಿ ನಮಗ್ಯಾಕ? ಶುಕ್ರವಾರ ತಾಯಂದಿರ್ನ ಕರೀರಿ. ಮಧ್ಯಾಹ್ನದ ತನಕ ಕುಂತ್ರ ಖೋಲಿ ನಿಮ್ಮದು. ಎದ್ದು ಹೋದ್ರ ಮರುದಿನಾನ ಚೀಲ ಒಟ್ಟತೀನಿ."

ತಾಯಂದಿರೆಲ್ಲ ವಖಾರಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವವರು. ಕೆಲಸ ಬಿಟ್ಟು ಅವರು ಕೂರುವುದಿಲ್ಲ. ಹಾಗಾಗಿ ಒಂದು ಚೀಲ ತರಿಸಿ ಸುರಿದು ಕೆಲಸವನ್ನೇ ಒಳಗೆ ತಂದೆ. ಅವರು ಗೋಡೆಗುಂಟ ಕೂತು ತೊಟ್ಟು ಮುರಿಯುತ್ತ ನೋಡಿದರು. ಮಕ್ಕಳು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಜೋಳ ಸುರಿಯುತ್ತಿದ್ದವು. ಸಾಹುಕಾರರು ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡಿದ್ದರು.

"ಇದಕ್ಕೂ ಸಾಲಿ ಬೇಕೇನಬೇ? ನಮ್ಮ ಹುಡುಗ ಮನ್ಯಾಗ ದಿನಾ ಚೆಲ್ತಾನ," ಅಂದಳು ಒಬ್ಬ ತಾಯಿ.

"ಚೆಲ್ಲದಂಗ ಕಲಸಾಕತ್ತಾರ, ಸುಮ್ಕಿರು. ನಿನ್ನ ಗಂಡನ್ನೂ ತಂದು ಹಚ್ಚು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ರಾಶಿ ಕರಗುತ್ತಿತ್ತು, ಅದು ಮುಗಿದರೆ ಏಳುತ್ತಾರೆ. ಅವರನ್ನು ಹಿಡಿದಿಡಲು ಒಬ್ಬೊಬ್ಬರನ್ನೇ ಮಗುವಿನ ಪಕ್ಕಕ್ಕೆ ಕರೆಯತೊಡಗಿದೆ. ಕೈ ತೊಳೆಸಬೇಕೆಂದು ಹೊಳೆಯಲಿಲ್ಲ.

ಮೂರನೆಯವಳ ಮಗಳು ಒಂದು ಕಾಳೂ ಚೆಲ್ಲದೆ ಬಟ್ಟಲು ತುಂಬಿದಳು. ತಾಯಿ ಹಿಗ್ಗಿ, ಎರಡೂ ಅಂಗೈಗಳಿಂದ ಮಗಳ ಮುಖ ನೀವಿ ದೃಷ್ಟಿ ತೆಗೆದು, ತನ್ನ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿದಳು.

ಮಗು ಕಿರುಚಿತು. ಒಬ್ಬಳು ನೀರು ಸುರಿದಳು. ಹಸುಗೂಸಿನ ತಾಯಿಯೊಬ್ಬಳು ಸೆರಗು ಮರೆಮಾಡಿ ಖಾರ ಹತ್ತಿದ ಆ ಕಣ್ಣುಗಳಿಗೆ ತನ್ನ ಹಾಲು ಹಿಂಡಿದಳು. ಸಾಹುಕಾರರು ಮುಖವನ್ನು ಬೀದಿಗೆ ತಿರುಗಿಸಿಕೊಂಡರು. ಎಡಗಣ್ಣು ತೆರೆಯಿತು, ಬಲಗಣ್ಣು ತೆರೆಯಲಿಲ್ಲ. ತಾಯಿ ಮಗುವನ್ನು ಎತ್ತಿಕೊಂಡು, ನನ್ನನ್ನು ನೋಡದೆ ಹೊರಟುಹೋದಳು. ಉಳಿದವರೂ ಎದ್ದು ನಿಂತರು.

ಆಗ ಅವರಲ್ಲಿ ಹಿರಿಯಳು ತಂಬಿಗೆ ಎಳೆದುಕೊಂಡಳು. "ಹಿಂಗ ಎದ್ದು ಹೋದ್ರ ಹುಡುಗೂರು ನಾಳಿಗೆ ಎಲ್ಲಿ ಕುಂದರ್ತಾವ? ಕೈ ತೊಳ್ಕೊಂಡ್ ಕುಂದರ್ರಿ. ಅಕ್ಕಾರ, ಮುಂದಿಂದು ತೋರಸ್ರಿ."

ಅವರು ಕೂತರು. ನಾನು ಏನು ತೋರಿಸಿದೆನೋ ನೆನಪಿಲ್ಲ. ಮಧ್ಯಾಹ್ನ ಸಾಹುಕಾರರು ಎದ್ದು ಹೋದರು. ಮರುದಿನ ಚೀಲಗಳು ಬರಲಿಲ್ಲ. ಆ ಮಗುವೂ ಬರಲಿಲ್ಲ.

ಆ ಮಗುವಿನ ಮನೆ ಮೋಟೆಬೆನ್ನೂರಿನ ದಾರಿಯಲ್ಲಿತ್ತು. ನಡೆದು ಹೋಗುವಷ್ಟು ದೂರ. ವಿಚಾರಿಸಲು ಹೋದರೆ ತಾಯಿ ಜಗಳಕ್ಕೆ ಬಂದಾಳು, ಸಾಹುಕಾರರು ಕೋಣೆ ಕಸಿದುಕೊಂಡಾರು ಎಂದು ಹೆದರಿ ಹೋಗಲಿಲ್ಲ. ಎರಡು ವರ್ಷದ ಮೇಲೆ ಬ್ಯಾಡಗಿ ಬಿಟ್ಟು ರಾಣೆಬೆನ್ನೂರಿಗೆ ಹೋದೆ. ಆ ಬಲಗಣ್ಣು ಏನಾಯಿತೋ ನನಗೆ ಗೊತ್ತಿಲ್ಲ.