ಹಲಸಿನ ಹಲಗೆಯ ಮದ್ದಿನ ಪೆಟ್ಟಿಗೆ

ಭಟ್ಕಳ–ಕುಮಟಾ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ನಾನು ನಿವೃತ್ತನಾದ ಮೇಲೆ ಒಂದು ಸಣ್ಣ ಮರದ ಪೆಟ್ಟಿಗೆ ಮಾಡಿದೆ. ಅದಕ್ಕೆ ಕಾರಣ ನನ್ನ ಕಿವಿಯ ಮದ್ದು.

ನನ್ನ ಹೆಂಡತಿಗೆ ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ದೃಷ್ಟಿ ಮಂಜಾಗುತ್ತ ಬಂದಿತ್ತು. ಬೆಳಿಗ್ಗೆ ಒಂದು ಹನಿಮದ್ದು, ಸಂಜೆ ಬೇರೊಂದು. ಹೊನ್ನಾವರದ ಮನೆಯಲ್ಲಿ ನಾನಿಲ್ಲದ ಹೊತ್ತಿನಲ್ಲಿ ಅವಳು ಕಪಾಟು ತಡಕಾಡಿ, ನನ್ನ ಕಿವಿಯ ಮದ್ದನ್ನೇ ಕಣ್ಣಿಗೆ ಬಿಟ್ಟುಕೊಂಡಳು. ಕಣ್ಣು ಉರಿದು ಕೆಂಪಾಯಿತು. ಕುಮಟೆಯ ಡಾಕ್ಟರು ಕಣ್ಣು ತೊಳೆದು, ಅಪಾಯವೇನಿಲ್ಲ ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ, "ಇನ್ನು ಮದ್ದು ನಾನೇ ಹಾಕ್ತೆ" ಎಂದೆ.

"ನೀವು ಪೇಟೆಗೆ ಹೋದ್ರೆ ನಾ ಕಣ್ಣು ಬಿಟ್ಕಂಡು ಕಾಯ್ತಾ ಕೂರೂದಾ?" ಎಂದಳು.

ಎರಡು ಬಾಟಲಿಗಳಿಗೂ ಬೇರೆ ಬೇರೆ ಮನೆಯಿರುವ ಒಂದು ಪೆಟ್ಟಿಗೆ ಆಗಬೇಕಿತ್ತು. ಭಟ್ಕಳದ ಪಕ್ಕ ಜಾಲಿ ಎಂಬ ಊರಿನಲ್ಲಿ ಬಾಗಿಲು, ಕಿಟಕಿ ಮಾಡುವ ಗೆಳೆಯನೊಬ್ಬನಿದ್ದಾನೆ. ನನ್ನ ಬಸ್ಸಿನ ಹಳೆಯ ಪ್ರಯಾಣಿಕ. ಮಾಡಿಕೊಡು ಎಂದು ಕೇಳಿದರೆ ಹಲಸಿನ ಹಲಗೆಯ ತುಂಡುಗಳನ್ನೂ ಒಂದು ಉಳಿಯನ್ನೂ ನನ್ನ ಮುಂದಿಟ್ಟ. "ಕಂಡಕ್ಟರ್ರೇ, ನೀವೇ ಮಾಡಿ. ಮನೇಲಿ ಕೂತು ಎಂತ ಮಾಡ್ತ್ರಿ?" ಎಂದ.

ಮೊಳೆ ಹೊಡೆಯದೆ ಮೂಲೆ ಕೂಡಿಸುವುದನ್ನು ಅವನೇ ತೋರಿಸಿದ. ಒಂದು ಹಲಗೆಯ ತುದಿಯಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುತ್ತ ಹೋಗುವ ಹಲ್ಲು ಕೊಯ್ಯಬೇಕು. ಇನ್ನೊಂದರಲ್ಲಿ ಅದು ಕೂರುವಷ್ಟೇ ಜಾಗ ಕೆತ್ತಬೇಕು. ಒಮ್ಮೆ ಕಚ್ಚಿಕೊಂಡರೆ ಎಳೆದರೂ ಬಿಡುವುದಿಲ್ಲ.

ಹಿತ್ತಲ ಜಗಲಿಯಲ್ಲಿ ಕೂತು ಶುರುಮಾಡಿದೆ. ಮೊದಲ ಮೂಲೆಯಲ್ಲೇ ಗರಗಸವನ್ನು ಗುರುತಿಗೆ ಎಳೆದ ಗೆರೆಯ ಆಚೆ ಬದಿಗೆ ಹಾಕಿಬಿಟ್ಟೆ. ಜೋಡಿಸಿದಾಗ ಬೆರಳಿನ ಉಗುರು ಹೋಗುವಷ್ಟು ಸಂದಿ. ಮರದ ಪುಡಿಗೆ ಅಂಟು ಕಲಸಿ ತುಂಬಿದೆ, ಆದರೂ ಅಲ್ಲಿ ಒರಟು ಉಳಿಯಿತು. ಉಳಿದ ಮೂಲೆಗಳನ್ನು ಅವಸರ ಮಾಡದೆ, ಉಳಿಯನ್ನು ಮತ್ತೆ ಮತ್ತೆ ಮಸೆಯುತ್ತ ಕೆತ್ತಿದೆ. ಅವು ಬಿಗಿಯಾಗಿ ಕೂತವು. ನಡುವೆ ಒಂದು ತೆಳು ಹಲಗೆ ನಿಲ್ಲಿಸಿ, ಮೇಲೆ ಮುಚ್ಚಳ ಮಾಡಿದೆ.

ಹೆಂಡತಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸುತ್ತ ಕೈಯಾಡಿಸಿದಳು. ಹೆಬ್ಬೆರಳು ನೇರ ಆ ಮೂಲೆಗೇ ಹೋಗಿ ನಿಂತಿತು.

"ಇಲ್ಲಿ ಎಂತ ಆತು?"

"ತಪ್ಪು ಕೊಯ್ದೆ. ಬೇರೆ ಹಲಗೆ ತಂದು ಸರಿ ಮಾಡ್ತೆ."

"ಬೇಡ. ಇದು ಕೈಗೆ ಸಿಕ್ರೆ ಎದುರು ಬದಿ ಯಾವ್ದು ಅಂತ ಗೊತ್ತಾತದೆ."

ಚೆನ್ನಾಗಿ ಬಂದ ಮೂಲೆಗಳ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ನನಗೆ ತುಸು ಬೇಜಾರಾಯಿತು.

ಆ ಮೂಲೆಯನ್ನು ತನ್ನ ಎಡಗೈಯ ಬಳಿ ಇಟ್ಟುಕೊಂಡರೆ ಎಡಕ್ಕೆ ಬೆಳಗಿನ ಮದ್ದು, ಬಲಕ್ಕೆ ಸಂಜೆಯದು ಎಂದಾಯಿತು. ನನ್ನ ಕಿವಿಯ ಮದ್ದು ಟಿವಿಯ ಹಿಂದೆ ಹೋಯಿತು. ಮೊದಮೊದಲು ಹನಿ ಕೆನ್ನೆಗೆ ಬೀಳುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡು ಇನ್ನೊಂದು ಬಿಡುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತು ನೋಡಿದರೆ, "ಅಲ್ಲಿ ನಿತ್ಕಂಡು ಎಂತ ನೋಡ್ತ್ರಿ?" ಎನ್ನುತ್ತಿದ್ದಳು. ಹೆಜ್ಜೆಯ ಸದ್ದು ಅವಳಿಗೆ ತಿಳಿಯುತ್ತಿತ್ತು.

ಈಗ ಅವಳ ಎಡಗಣ್ಣಿಗೆ ಬರೀ ಬೆಳಕು ಕಾಣುತ್ತದೆ. ಬಲಗಣ್ಣು ಇದ್ದಷ್ಟಕ್ಕೇ ನಿಂತಿದೆ. ಕಳೆದ ವಾರ ಮಾವಿನಕುರ್ವೆಯಲ್ಲಿರುವ ಅವಳ ಅಕ್ಕ ಬಂದು ಕರೆದಾಗ, ಪೆಟ್ಟಿಗೆಯನ್ನು ಸೀರೆಗಳ ನಡುವೆ ಚೀಲಕ್ಕಿಟ್ಟುಕೊಂಡು ಅವಳ ಜೊತೆ ಹೊರಟಳು. "ನಾನೂ ಬರ್ಲಾ?" ಎಂದು ಕೇಳಿದೆ. "ನೀವೆಂತಕ್ಕೆ?" ಎಂದಳು. ಅಲ್ಲಿ ಎರಡು ದಿನ ಉಳಿದು, ಒಂದು ಹೊತ್ತಿನ ಮದ್ದೂ ತಪ್ಪಿಸದೆ ಬಂದಳು. ನಾನು ಇಲ್ಲಿ ಗಂಜಿ ಬೇಯಿಸಿಕೊಂಡು ಉಂಡೆ.