ಕಂಟ್ರೋಲ್ ಪ್ಯಾನೆಲ್ ಸರಿಮಾಡಿದವಳು

ಬಸವೇಶ್ವರನಗರದ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿಯ ಪಕ್ಕ, ಒಂದು ಕಂಪ್ಯೂಟರ್ ಇತ್ತು. ಅದಕ್ಕೆ ಅತ್ತೆ ಕ್ರೋಷಾ ಹಾಕಿದ ಬಟ್ಟೆ ಹೊದಿಸುತ್ತಿದ್ದರು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅದಕ್ಕೂ ಊದುಬತ್ತಿಯ ಹೊಗೆ ತೋರಿಸುತ್ತಿದ್ದರು. ಹೆಸರಿಗೆ ಅದು ಮನೆಯವರೆಲ್ಲರದು. ಕೆಟ್ಟಾಗ ಮಾತ್ರ ನನ್ನದು.

ನಾನು ಸೊಸೆಯಾಗಿ ಬಂದಾಗ ತಂದದ್ದು ಟೈಪಿಂಗ್ ಒಂದೇ ಅಂತ ಅತ್ತೆ ನೆಂಟರ ಮುಂದೆ ಹೇಳುವುದಿತ್ತು. ಸುಳ್ಳೇನಲ್ಲ. ಮದುವೆಗೆ ಮುಂಚೆ ವಿಜಯನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಸೀನಿಯರ್ ಪರೀಕ್ಷೆ ಮುಗಿಸಿದ್ದೆ. ಕಂಪ್ಯೂಟರ್ ಬಂದ ಮೇಲೆ ಜ್ಞಾನಭಾರತಿ ಕ್ಯಾಂಪಸ್ಸಿನ ವಿದ್ಯಾರ್ಥಿಗಳ ಪ್ರಬಂಧಗಳನ್ನು ಟೈಪ್ ಮಾಡಿಕೊಡಲು ಶುರುಮಾಡಿದೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕೂತರೆ ಸಂಜೆಯ ಕಾಫಿಯವರೆಗೆ ಆ ಕುರ್ಚಿ ನನ್ನದು. ಫೋನ್ ಮಾಡಿದವರು ‘ಟೈಪಿಂಗ್ ಮೇಡಂ ಇದಾರಾ’ ಅಂತ ಕೇಳುತ್ತಿದ್ದರು. ಇಂಥವರ ಸೊಸೆ, ಇಂಥವರ ಹೆಂಡತಿ ಅಂತಲ್ಲ, ಟೈಪಿಂಗ್ ಮೇಡಂ. ಆ ಮಾತು ಕೇಳಲು ನನಗೆ ಎಷ್ಟು ಆಸೆಯಿತ್ತೆಂದರೆ ಫೋನ್ ಬಡಿದುಕೊಂಡರೆ ಅಡುಗೆಮನೆಯಿಂದ ಓಡಿ ಬರುತ್ತಿದ್ದೆ.

ಮೈದುನ ಆಗ ಕೆಲಸ ಹುಡುಕುತ್ತಿದ್ದ. ಹಾಗಂತ ನಾವೆಲ್ಲ ಹೇಳುತ್ತಿದ್ದೆವು. ಪಕ್ಕದ ಟಿವಿಯಲ್ಲಿ ಅತ್ತೆಯ ಧಾರಾವಾಹಿ ಓಡುತ್ತಿರುತ್ತಿದ್ದುದರಿಂದ ಕ್ರಿಕೆಟ್ ನೋಡಲೆಂದು ಅವನು ಕಂಪ್ಯೂಟರಿನೊಳಗೇ ಟಿವಿ ಬರುವಂಥ ಒಂದು ಕಾರ್ಡ್ ಹಾಕಿಸಿಕೊಂಡಿದ್ದ. ಒಂದು ದಿನ ಯಾವುದೋ ಪತ್ರಿಕೆಯ ಜೊತೆ ಬಿಟ್ಟಿ ಬಂದ ಸಿ.ಡಿ. ತಂದು, ಆಪರೇಟಿಂಗ್ ಸಿಸ್ಟಮನ್ನು ಅಪ್‌ಡೇಟ್ ಮಾಡಿದ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಮರುದಿನ ನೋಡಿದರೆ ಪ್ರಿಂಟರ್ ಮಾಯ. ಮೇಜಿನ ಮೇಲೇನೋ ಇತ್ತು, ಕಂಪ್ಯೂಟರಿಗೆ ಮಾತ್ರ ಅದರ ಗುರುತು ಹತ್ತುತ್ತಿರಲಿಲ್ಲ. ಮತ್ತೆ ಸೇರಿಸೋಣವೆಂದು ಕಂಟ್ರೋಲ್ ಪ್ಯಾನೆಲ್ ತೆರೆದೆ. ಪ್ರಿಂಟರು, ಅಕ್ಷರ, ತಾರೀಖು, ಯಾರು ಯಾರು ಯಂತ್ರ ಬಳಸಬಹುದು, ಎಲ್ಲದರ ಹಿಡಿತ ಇರುವುದು ಆ ಒಂದು ಕಿಟಕಿಯಲ್ಲೇ. ಅದು ಅರ್ಧ ತೆರೆದು, ಬೆಳ್ಳಗಾಗಿ, ಮುಚ್ಚಿಕೊಂಡಿತು. ತೊಂದರೆಯಾಗಿದೆ, ಮುಚ್ಚಬೇಕಾಗಿದೆ, ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಅಂತ ಇಂಗ್ಲಿಷಿನಲ್ಲೊಂದು ಸಂದೇಶ ಬಂತು. ಮತ್ತೆ ತೆರೆದೆ, ಮತ್ತೆ ವಿಷಾದಿಸಿತು. ಆ ಮನೆಯಲ್ಲಿ ನನ್ನ ಬಳಿ ಯಾರಾದರೂ ವಿಷಾದಿಸಿದ್ದರೆ ಅದೊಂದೇ.

ನನಗೆ ಆಗ ಪ್ರಾಣಸಂಕಟ. ಬಿಜಾಪುರದ ಕಡೆಯ ಒಬ್ಬ ಹುಡುಗಿ, ಹಾಸ್ಟೆಲ್‌ನಲ್ಲಿದ್ದುಕೊಂಡು ಬೀಸುವ ಹಾಡುಗಳ ಮೇಲೆ ದೊಡ್ಡ ಪ್ರಬಂಧ ಬರೆದಿದ್ದಳು. ತಿಂಗಳುಗಟ್ಟಲೆ ಕೂತು ಅದನ್ನು ಟೈಪ್ ಮಾಡಿ ಮುಗಿಸಿದ್ದೆ. ಪ್ರಿಂಟ್ ತೆಗೆಯುವುದಷ್ಟೇ ಬಾಕಿ. ಅವಳು ದಿನಾ ಫೋನ್ ಮಾಡುತ್ತಿದ್ದಳು.

“ಅಕ್ಕಾರ, ಸೋಮವಾರ ಕೊಡಾಕs ಬೇಕ್ರಿ. ಇಲ್ಲಾಂದ್ರ ಮುಂದಿನ ವರ್ಷಕ್ಕ ಹೋಗ್ತೈತ್ರಿ.”

“ಕೊಡ್ತೀನಮ್ಮ, ನೀನು ಬಾ,” ಅಂದಿದ್ದೆ.

ಸಂಜೆ ಗಂಡ ಪೀಣ್ಯದ ಕಾರ್ಖಾನೆಯಿಂದ ಬಂದು ಶೂ ಬಿಚ್ಚುವಷ್ಟರಲ್ಲಿ ಅತ್ತೆ ಸುದ್ದಿ ಮುಟ್ಟಿಸಿದರು. “ಇವಳು ಏನೋ ಒತ್ತಿದಾಳೆ ಕಣೋ. ಕಂಪ್ಯೂಟರ್ ಕೆಟ್ಟೋಗಿದೆ.”

“ನಾನೇನೂ ಒತ್ತಿಲ್ಲ. ನಿನ್ನೆ ಸಿ.ಡಿ. ಹಾಕಿದ್ರಲ್ಲ, ಆಮೇಲಿಂದ ಹೀಗಾಗಿರೋದು,” ಅಂದೆ.

ಮೈದುನ ನಕ್ಕ. “ಅಪ್‌ಡೇಟ್ ಮಾಡಿದ್ರೆ ಒಳ್ಳೇದೇ ಆಗೋದು ಅತ್ತಿಗೆ. ನಿಮ್ಮ ಕನ್ನಡ ಸಾಫ್ಟ್‌ವೇರ್ ಇದ್ಯಲ್ಲ, ಅದು ಸರಿ ಇಲ್ಲ. ಅದ್ರಿಂದಾನೇ.”

ಗಂಡ ಇಬ್ಬರನ್ನೂ ನೋಡಿ, ಅಂಗಡಿಯವನಿಗೆ ಫೋನ್ ಮಾಡು ಅಂತ ತಮ್ಮನಿಗೆ ಹೇಳಿ ಕೈಕಾಲು ತೊಳೆಯಲು ಹೋದರು. ಯಾರ ಪರವೂ ಮಾತಾಡದೆ ಎದ್ದುಹೋಗುವುದನ್ನು ಅವರು ದೊಡ್ಡತನ ಅಂದುಕೊಂಡಿದ್ದರು.

ಅಂಗಡಿಯವನೆಂದರೆ ಕುರುಬರಹಳ್ಳಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದವನು. ಆ ಕಾಲದಲ್ಲಿ ಅಂಥವರೆಲ್ಲರ ಬಳಿ ಇದ್ದದ್ದು ಒಂದೇ ಔಷಧಿ. ವೈರಸ್ ಬಂದರೂ ಫಾರ್ಮ್ಯಾಟ್, ಸೌಂಡ್ ಬರದಿದ್ದರೂ ಫಾರ್ಮ್ಯಾಟ್. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬುವುದು. ಭಾನುವಾರ ಬಂದು ಮಾಡಿಕೊಡ್ತೀನಿ ಅಂದನಂತೆ. ಪ್ರಬಂಧವನ್ನು ಎತ್ತಿಡಲು ನಮ್ಮ ಡಿಸ್ಕಿನಲ್ಲಿ ಬೇರೆ ಭಾಗಗಳಿರಲಿಲ್ಲ, ಫ್ಲಾಪಿ ಡ್ರೈವ್ ಧೂಳು ತಿಂದು ಸತ್ತಿತ್ತು, ಸಿ.ಡಿ. ಬರೆಯುವ ಸೌಕರ್ಯವೂ ಇರಲಿಲ್ಲ.

“ಆ ಹುಡುಗಿ ಪ್ರಬಂಧ ಇದೆ ಅದ್ರಲ್ಲಿ,” ಅಂದೆ.

“ಅವ್ರು ಕೈಯಲ್ಲಿ ಬರ್ದಿರೋದು ಇದ್ಯಲ್ಲ ಅತ್ತಿಗೆ? ಇನ್ನೊಂದ್ಸಲ ಟೈಪ್ ಮಾಡಿದ್ರಾಯ್ತು,” ಅಂದ ಮೈದುನ. ಎಷ್ಟು ಸಲೀಸಾಗಿ ಅಂದನೆಂದರೆ, ಚೆಲ್ಲಿದ ಕಾಫಿಯನ್ನು ಇನ್ನೊಂದು ಲೋಟ ಮಾಡಿ ಅನ್ನುವ ಹಾಗೆ.

ಮರುದಿನ ತರಕಾರಿ ತರುತ್ತೇನೆಂದು ಚೀಲ ಹಿಡಿದು ಹೊರಟವಳು ನೇರ ಸೈಬರ್ ಕೆಫೆಗೆ ಹೋದೆ. ಕಾಲೇಜು ಹುಡುಗರ ನಡುವೆ ಮಡಿಲಲ್ಲಿ ಖಾಲಿ ಚೀಲ ಇಟ್ಟುಕೊಂಡು, ಆ ಸಂದೇಶವನ್ನು ಅಕ್ಷರ ತಪ್ಪದೆ ಟೈಪ್ ಮಾಡಿ ಹುಡುಕಿದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಯಾವುದೋ ದೇಶದ ಯಾರೋ ಒಬ್ಬರು ಬರೆದಿದ್ದು ಅರ್ಥವಾಯಿತು. ಆ ಕಿಟಕಿಯಲ್ಲಿ ಕಾಣುವ ಒಂದೊಂದು ಚಿತ್ರಕ್ಕೂ ಒಳಗೊಂದು ಕಡತವಿರುತ್ತದೆ. ಅಪ್‌ಡೇಟಿಗೆ ಹೊಂದದ ಹಳೆಯ ಕಡತ ಒಂದಿದ್ದರೂ ಸಾಕು, ಇಡೀ ಕಿಟಕಿ ಬಿದ್ದುಹೋಗುತ್ತದೆ. ಒಂದೊಂದರ ಹೆಸರನ್ನೂ ತಾತ್ಕಾಲಿಕವಾಗಿ ಬದಲಿಸಿ, ಕಿಟಕಿ ತೆರೆದು ನೋಡುತ್ತ ಹೋಗಬೇಕು. ಗಣೇಶನ ಹಬ್ಬದ ಸೀರಿಯಲ್ ಲೈಟಿನಲ್ಲಿ ಸುಟ್ಟ ಬಲ್ಬ್ ಹುಡುಕುವ ಕೆಲಸವೇ. ಅದನ್ನು ಚಿಕ್ಕಂದಿನಿಂದ ಮಾಡಿದವಳು ನಾನು.

ಅಂದು ಮಧ್ಯಾಹ್ನ ಅತ್ತೆ ಮಲಗಿದ್ದರು, ಮೈದುನ ಹೊರಗೆ ಹೋಗಿದ್ದ. ಕೂತು ಶುರುಮಾಡಿದೆ. ಒಂದರ ಹೆಸರು ಬದಲಿಸುವುದು, ತೆರೆಯುವುದು, ವಿಷಾದ, ಹಳೆಯ ಹೆಸರನ್ನೇ ಮತ್ತೆ ಇಡುವುದು, ಮುಂದಿನದು. ತಪ್ಪಿ ಬೇರೇನಾದರೂ ಕೆಟ್ಟರೆ ಅತ್ತೆಯ ಮಾತೇ ನಿಜವಾಗಿಬಿಡುತ್ತಿತ್ತು. ಹೀಗೇ ಎಷ್ಟೋ ಆದ ಮೇಲೆ, ಒಂದರ ಹೆಸರು ಬದಲಿಸಿ ಕಿಟಕಿ ತೆರೆದರೆ ಚಿತ್ರಗಳೆಲ್ಲ ಸಾಲಾಗಿ ಬಂದು ನಿಂತವು. ಹೋಗಲಿಲ್ಲ. ಮುಚ್ಚಿ ಮತ್ತೆ ತೆರೆದೆ, ಮತ್ತೆ ಬಂದವು. ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಕೆಟ್ಟಿದ್ದು ಯಾವುದು ಅಂತ ನೋಡಿದೆ. ಮೈದುನನ ಕ್ರಿಕೆಟ್ ಕಾರ್ಡಿನ ಕಡತ.

ಪ್ರಿಂಟರ್ ಸೇರಿಸಿ, ಇಡೀ ಪ್ರಬಂಧವನ್ನು ಅವತ್ತೇ ತೆಗೆದೆ. ಸಂಜೆ ಆ ಹುಡುಗಿ ಬಂದು ಬಿಸಿ ಹಾಳೆಗಳನ್ನು ಎದೆಗೊತ್ತಿಕೊಂಡು, “ನಿಮ್ಮ ಉಪಕಾರ ಮರೆಯಾಂಗಿಲ್ರಿ ಅಕ್ಕಾರ,” ಅಂದಳು. ಅತ್ತೆಯ ಮುಂದೆಯೇ ಅಂದಳಲ್ಲ ಅಂತ ಹಿಗ್ಗಿದೆ.

ಆ ಹಿಗ್ಗನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಊಟಕ್ಕೆ ಬಡಿಸುತ್ತ, “ಕಂಪ್ಯೂಟರ್ ಸರಿಹೋಯ್ತು. ನಾನೇ ಮಾಡ್ದೆ. ಫಾರ್ಮ್ಯಾಟೂ ಬೇಡ ಏನೂ ಬೇಡ,” ಅಂದೆ. ಕೆಟ್ಟಿದ್ದು ಯಾವ ಕಡತ ಅನ್ನುವುದನ್ನೂ ಹೇಳಿದೆ. ಟಿವಿ ಈಗಲೂ ಬರುತ್ತೆ, ಅದರ ಸೆಟ್ಟಿಂಗ್ ಚಿತ್ರ ಒಂದು ಕಾಣಿಸಲ್ಲ ಅಷ್ಟೇ ಅಂತ ಸಮಾಧಾನವನ್ನೂ ಸೇರಿಸಿದೆ.

ಮೈದುನನ ಮುಖ ಕೆಂಪಾಯಿತು. “ಸಿಸ್ಟಂ ಫೋಲ್ಡರ್‌ಗೆ ಕೈ ಹಾಕಿದ್ರಾ? ಅದನ್ನೆಲ್ಲ ಮುಟ್ಟಬಾರ್ದು ಅತ್ತಿಗೆ. ಇಡೀ ಮೆಷಿನ್ನೇ ಹೋಗಿದ್ರೆ?”

“ಹೋಗ್ಲಿಲ್ವಲ್ಲ. ಸರಿಹೋಯ್ತಲ್ಲ.”

“ಎಲ್ರೂ ಎಲ್ಲಾ ಮುಟ್ಟೋದಕ್ಕೇ ಹೀಗಾಗೋದು,” ಅಂದರು ಅತ್ತೆ, ತಟ್ಟೆಯಿಂದ ತಲೆಯೆತ್ತದೆ. ನಾನು ಗಂಡನ ಕಡೆ ನೋಡಿದೆ. ಅವರು ಸಾರು ಕೇಳಿದರು. ಬಡಿಸಿದೆ.

ಭಾನುವಾರ ಅಂಗಡಿಯವನು ಬರಲಿಲ್ಲ. ನಾನು ತವರಿಗೆಂದು ಕೆಂಗೇರಿಗೆ ಹೋಗಿ, ಸಂಜೆ ವಾಪಸು ಬಂದೆ. ಸೋಮವಾರ ಮಧ್ಯಾಹ್ನ ಕಂಪ್ಯೂಟರ್ ಹಾಕಿದರೆ ನೇರವಾಗಿ ಒಳಗೆ ಬಿಡಲಿಲ್ಲ. ನೀಲಿ ಪರದೆಯ ಮೇಲೆ ಎರಡು ಹೆಸರು. ಒಂದು ಮೈದುನನದು, ಪಕ್ಕದಲ್ಲಿ ಫುಟ್‌ಬಾಲಿನ ಚಿತ್ರ, ಕೆಳಗೆ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ. ಇನ್ನೊಂದು ನನ್ನದು. ನನಗೆ ಹಳದಿ ಬಾತುಕೋಳಿ ಕೊಟ್ಟಿದ್ದರು, ಮಕ್ಕಳು ಬಚ್ಚಲಲ್ಲಿ ಆಡುವಂಥದ್ದು.

ಬಾತುಕೋಳಿಯನ್ನು ಒತ್ತಿದೆ. ಒಳಗೆ ಹೋದೆ. ಕನ್ನಡ ಸಾಫ್ಟ್‌ವೇರ್ ತೆರೆದರೆ, ನಿಮಗೆ ಅನುಮತಿಯಿಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ ಅಂತ ಬಂತು. ಈ ಸಲ ವಿಷಾದವೂ ಇರಲಿಲ್ಲ.

ಮೈದುನ ಸೋಫಾದಲ್ಲಿ ಮಲಗಿಕೊಂಡೇ ವಿವರಿಸಿದ. “ನಿಮ್ದು ಲಿಮಿಟೆಡ್ ಅಕೌಂಟ್ ಅತ್ತಿಗೆ. ಸೇಫ್ಟಿಗೆ. ಅಣ್ಣಾನೇ ಮಾಡು ಅಂದ. ಬೇಕಾದಾಗ ಹೇಳಿ, ಪಾಸ್‌ವರ್ಡ್ ಹಾಕ್ಕೊಡ್ತೀನಿ.”

“ನೀವು ಇಲ್ದಿದ್ದಾಗ?”

“ಬಂದ್ಮೇಲೆ.”

ಯಾರು ಯಾರು ಯಂತ್ರ ಬಳಸಬಹುದು ಅಂತ ಬದಲಾಯಿಸುವುದಕ್ಕೂ ಕಂಟ್ರೋಲ್ ಪ್ಯಾನೆಲ್ಲೇ ಬೇಕು. ಹೋದ ವಾರವಾಗಿದ್ದರೆ ಅವನು ಎಷ್ಟು ತಿಣುಕಿದರೂ ಅದು ತೆರೆಯುತ್ತಿರಲಿಲ್ಲ. ನಾನು ಸರಿಮಾಡಿಕೊಟ್ಟ ಮೇಲೆ ಮನೆಯ ಉಳಿದವರು ಅದನ್ನು ಮೊದಲು ಬಳಸಿದ್ದು ಈ ಕೆಲಸಕ್ಕೆ. ನನಗೆ ಅಳು ಬರಲಿಲ್ಲ. ಕೂಗಾಡಬೇಕು ಅನ್ನಿಸಿತು, ಆ ಮೌಸನ್ನು ಕಿತ್ತು ಬೀದಿಗೆ ಎಸೆಯಬೇಕು ಅನ್ನಿಸಿತು. ಎಸೆದಿದ್ದರೆ, ನೋಡಿ, ಅದಕ್ಕೇ ಹಾಗೆ ಮಾಡಿದ್ದು ಅನ್ನುತ್ತಿದ್ದರು.

ಅಷ್ಟರಲ್ಲಿ ಫೋನ್ ಬಂತು. ಅತ್ತೆ ಎತ್ತಿ, “ನಿಂಗೇ,” ಅಂತ ಚಾಚಿದರು. ಬಿಜಾಪುರದ ಹುಡುಗಿ. ಪ್ರಬಂಧ ಕೊಟ್ಟು ಬಂದಿದ್ದಳು, ದನಿಯಲ್ಲಿ ಸಂಭ್ರಮ.

“ನಮ್ಮ ಗೈಡ್ ಮೇಡಂ ಭಾಳ ಚೊಲೋ ಆಗೈತಿ ಅಂದ್ರರೀ ಅಕ್ಕಾರ. ನಮ್ಮ ರೂಮಿನ್ಯಾಕಿದೂ ಒಂದ್ ಪ್ರಬಂಧ ಐತ್ರಿ. ನಿಮ್ ಕಡೇನs ಮಾಡ್ಸ್ತೀನಿ ಅಂತಾಳ. ಮಾಡಿ ಕೊಡ್ತೀರಲ್ರೀ?”

ಅತ್ತೆ ಟಿವಿಯ ಸದ್ದು ತಗ್ಗಿಸಿದರು. ಮೈದುನ ಪತ್ರಿಕೆಯ ಹಾಳೆ ಮಗುಚುವುದನ್ನು ನಿಲ್ಲಿಸಿದ.

“ಮನೇಲಿ ಕೇಳಿ ಹೇಳ್ತೀನಮ್ಮ,” ಅಂದೆ.